ತಲೆಕೆಳಗಾದ ಟಗರು

"ಇದೇನು ಟೊಪ್ಪಿಗೆಯೋ, ಕುರಿದೊಡ್ಡಿಯೋ?" ಸಿಪ್ರಿಯಾನೊ ಹುಬ್ಬೇರಿಸಿದ.

"ನೀರು ಹೊಯ್ದು ನೋಡಿ ಮಾವ," ಎಂದ ಸೆಲ್ಸೊ.

"ಇನ್ನೂ ಮಾವ ಆಗಿಲ್ಲ ಕಣೋ."

ಅಂಗಳದಲ್ಲಿ ಕೂತವರು ನಕ್ಕರು. ತಕೀಲೆ ದ್ವೀಪದಲ್ಲಿ ಹೆಣಿಗೆ ಗಂಡಸರ ಕೆಲಸ. ಹೆಣ್ಣು ಕೇಳಲು ಬಂದವನು ತಾನೇ ಹೆಣೆದ ಟೊಪ್ಪಿಗೆಯನ್ನು ಹುಡುಗಿಯ ಅಪ್ಪನ ಕೈಗಿಡಬೇಕು. ಅಪ್ಪ ಅದರಲ್ಲಿ ನೀರು ತುಂಬಿಸುತ್ತಾನೆ. ಒಂದು ಹನಿ ಸೋರಿದರೂ ಬಂದ ದಾರಿಗೆ ಸುಂಕವಿಲ್ಲ. ಹೋದ ವರ್ಷ ಇದೇ ಅಂಗಳದಿಂದ ಇಬ್ಬರು ಒದ್ದೆ ಟೊಪ್ಪಿಗೆ ಹಿಂಡಿಕೊಂಡು ಮನೆಗೆ ಹೋಗಿದ್ದರು.

ಸೆಲ್ಸೊಗೆ ಮಾತ್ರ ಅಳುಕಿರಲಿಲ್ಲ. ಸೈಕಲ್ ಚಕ್ರದ ಕಡ್ಡಿ ತೇದು ಮಾಡಿಕೊಂಡ ಸೂಜಿಗಳಲ್ಲಿ ನಾಲ್ಕು ತಿಂಗಳು ಬಿಗಿಯಾಗಿ ಹೆಣೆದಿದ್ದ. ಉಳಿದವರೆಲ್ಲ ಅಜ್ಜಂದಿರ ಕಾಲದ ಹಕ್ಕಿ, ಹೂವುಗಳನ್ನೇ ಹೆಣೆಯುತ್ತಿದ್ದರೆ ಇವನ ಟೊಪ್ಪಿಗೆಯ ಸುತ್ತ ಸೀನುವ ಕುರಿಮರಿ, ಕಪ್ಪೆಗೆ ಹೆದರಿ ಓಡುವ ಬಾತುಕೋಳಿ, ಮುಖ ಗಂಟಿಕ್ಕಿದ ಟಗರು. ಕುರಿ ಮೇಯಿಸುವ ಸಿಪ್ರಿಯಾನೊನ ಮಗಳು ಅಲೆಹಾಳನ್ನು ನೋಡಲೆಂದು ಕಲ್ಲುಗೋಡೆಯ ಮೇಲೆ ಕೂತಾಗ ಕಣ್ಣಿಗೆ ಬಿದ್ದವು ಇವೆಲ್ಲ.

"ಟಗರು ತಲೆಕೆಳಗಾಗಿದೆ ನೋಡ್ರೋ!" ಸಿಪ್ರಿಯಾನೊನ ಅಕ್ಕ ಗ್ರೆಗೋರಿಯಾ ಕೈ ತಟ್ಟಿದಳು. "ಹುಡುಗಿ ಕಡೆ ನೋಡ್ತಾ ಹೆಣೆದ್ರೆ ಇನ್ನೇನಾಗತ್ತೆ!"

ಅಲೆಹಾ ತುಟಿ ಕಚ್ಚಿಕೊಂಡು ತಂಬಿಗೆ ತಂದಳು. ಸಿಪ್ರಿಯಾನೊ ಟೊಪ್ಪಿಗೆಯನ್ನು ಮಗುಚಿ, ಬಾಯಿ ಮೇಲೆ ಮಾಡಿ ಹಿಡಿದ. ಮಗಳು ಅಂಚಿನವರೆಗೆ ನೀರು ಹೊಯ್ದಳು. ಈಗ ಕುರಿಮರಿ, ಬಾತುಕೋಳಿ ತಲೆಕೆಳಗಾಗಿ, ಟಗರು ನೆಟ್ಟಗೆ ನಿಂತು ಅವನನ್ನೇ ದುರುಗುಟ್ಟಿ ನೋಡಿತು. ಟಗರಿಗೆ ಇಳಿಬಿದ್ದ ಮೀಸೆ ಬೇರೆ.

"ಯಾರೋ ಇದು?"

"ನೀವೇ ಮಾವ."

ನಗು ನಿಂತಿತು. ಅಲೆಹಾಳ ಮುಖ ಬಿಳಿಚಿತು.

"ಕೋಪ ಆಮೇಲೆ ಮಾಡ್ಕೊಳ್ಳಿ. ಮೊದ್ಲು ಆ ಕಡೆ ತಿರುಗಿಸಿ," ಎಂದ ಸೆಲ್ಸೊ.

ಸಿಪ್ರಿಯಾನೊ ನೀರು ತುಳುಕದಂತೆ ಮೆಲ್ಲಗೆ ತಿರುಗಿಸಿದ. ಹಿಂಬದಿಯಲ್ಲಿ ಒಂದು ಹೆಣ್ಣು ಕುರಿ, ಅದೂ ನೆಟ್ಟಗೆ ನಿಂತು, ಮುಂಗಾಲುಗಳಿಂದ ಹೊಟ್ಟೆ ಹಿಡಿದುಕೊಂಡು ಬಾಯಿ ತುಂಬ ನಗುತ್ತಿತ್ತು. ಎರಡು ವರ್ಷಗಳ ಹಿಂದೆ ತೀರಿಕೊಂಡ ಅವನ ಹೆಂಡತಿ ಮೆಲ್ಚೋರಾ, ಗಂಡನ ಸಿಟ್ಟು ಕಂಡಾಗಲೆಲ್ಲ ನಗುತ್ತಿದ್ದದ್ದು ಹೀಗೆಯೇ. ದ್ವೀಪಕ್ಕೆಲ್ಲ ಗೊತ್ತಿದ್ದ ನಗು ಅದು. ಅವಳು ಹೋದ ಮೇಲೆ ಅವನ ಸಿಟ್ಟಿಗೆ ನಗುವವರೇ ಇರಲಿಲ್ಲ. ಅವನಿಗೆ ದುಃಖ ಒತ್ತರಿಸಿ ಬಂತು.

ಟಪ್ಪೆಂದು ಒಂದು ಹನಿ ಅಂಗಳದ ಕಲ್ಲಿನ ಮೇಲೆ ಬಿತ್ತು.

"ಸೋರ್ತು!" ಗ್ರೆಗೋರಿಯಾ ಕೂಗಿದಳು. "ಎಲ್ಲರೂ ನೋಡಿದ್ರಿ ತಾನೆ?"

ಸೆಲ್ಸೊ ಸರ್ರನೆ ಬಗ್ಗಿ ಟೊಪ್ಪಿಗೆಯ ತಳ ನೋಡಿದ.

"ಸೋರಿಲ್ಲ ಅಕ್ಕ." ಸಿಪ್ರಿಯಾನೊ ಆ ಕುರಿಯಿಂದ ಕಣ್ಣು ಕೀಳಲಿಲ್ಲ. "ನನ್ನ ಕೈ ನಡುಗ್ತು."

ಅಲೆಹಾ ತಂಬಿಗೆಯನ್ನು ಕೆಳಗಿಟ್ಟು ಬಂದು, ಅಪ್ಪನ ಕೈಗಳ ಕೆಳಗೆ ತನ್ನ ಕೈಗಳನ್ನು ಕೊಟ್ಟು ನಿಂತಳು.