ನಿಂಗರಾಜರ ಖಂಡನೆ

ಪ್ರಾಧ್ಯಾಪಕ ನಿಂಗರಾಜರು ಟೀಕೆಯನ್ನು ಎಷ್ಟು ಪ್ರೀತಿಸುತ್ತಿದ್ದರೆಂದರೆ, ಅದರ ಬಗ್ಗೆ ಮಾತಾಡಲು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಯಾದಗಿರಿಯಲ್ಲಿ ತತ್ವಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ವಿಮರ್ಶಾತ್ಮಕ ವೈಚಾರಿಕತೆಯ ವೇದಿಕೆಯೊಂದನ್ನು ಕಟ್ಟಿದ್ದರು. ತಾನು ಯಾವಾಗ ಸುಳ್ಳಾಗುತ್ತೇನೆಂದು ಮೊದಲೇ ಹೇಳುವ ಸಿದ್ಧಾಂತ ಮಾತ್ರ ವಿಜ್ಞಾನ, ಉಳಿದದ್ದು ಬರೀ ಬಾಯಿಮಾತು ಎಂಬುದು ಅಲ್ಲಿನ ಮೊದಲ ಪಾಠ. ದಾನೇಶ್ವರಿ ಆ ಪಾಠವನ್ನು ನಂಬಿಬಿಟ್ಟಿದ್ದಳು. ಎಡವಟ್ಟಾದದ್ದು ಅಲ್ಲೇ.

ಆಕೆ ಹತ್ತಿಕುಣಿಯ ಕುರಿ ಸಾಕುವವರ ಮನೆಯ ಮಗಳು. ಈಗ ಶಹಾಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಎಂ.ಎ. ಓದುವಾಗ ನಿಂಗರಾಜರು ತಮ್ಮ ಪುಸ್ತಕದ ಕಪಾಟನ್ನೇ ಆಕೆಗೆ ತೆರೆದಿಟ್ಟಿದ್ದರು. ಆ ಋಣ ಆಕೆಗೆ ದೊಡ್ಡದು. ಹಾಗಾಗಿ ತಮ್ಮ ಹೊಸ ಪುಸ್ತಕದ ಬಿಡುಗಡೆಯಲ್ಲಿ ಮಾತಾಡಲು ಅವರು ಕರೆದಾಗ ಹಿಗ್ಗಿಹೋದಳು.

"ಹೊಗಳಬ್ಯಾಡವ್ವ," ಎಂದರು ಫೋನಿನಲ್ಲಿ. "ಖಂಡನಾ ಮಾಡು. ನಮ್ಮ ಪಂಥದಾಗ ಅದೇ ಗುರುದಕ್ಷಿಣಾ."

ಹಳ್ಳಿಯ ಜನ ತಮ್ಮ ನಂಬಿಕೆಯನ್ನು ಎಂದೂ ಪರೀಕ್ಷೆಗೆ ಒಡ್ಡುವುದಿಲ್ಲ, ಒಡ್ಡುವ ಶಕ್ತಿಯೇ ಅವರಿಗಿಲ್ಲ ಎಂಬುದು ಪುಸ್ತಕದ ವಾದ. ಇಷ್ಟನ್ನು ಹೇಳಲು ಮುನ್ನೂರು ಪುಟ. ಓದುತ್ತ ಓದುತ್ತ ದಾನೇಶ್ವರಿಗೆ ಮೈ ಉರಿಯಿತು. ಸಿಟ್ಟಿನಲ್ಲಿ ಮಾತಾಡಬಾರದೆಂದು ಮತ್ತೊಮ್ಮೆ ಓದಿದಳು. ಉರಿ ಹೆಚ್ಚೇ ಆಯಿತು.

ಯಾದಗಿರಿಯ ಸಭೆಯಲ್ಲಿ ವಿದ್ವಾಂಸರು ಒಬ್ಬರಾದ ಮೇಲೊಬ್ಬರು ಎದ್ದು, ಪುಸ್ತಕವನ್ನು ಖಂಡಿಸಲು ತಮಗೆ ಸಾಧ್ಯವೇ ಆಗಲಿಲ್ಲವೆಂದು ಕೈಮುಗಿದು ಕೂತರು. ಆಮೇಲೆ ಆಕೆಯ ಸರದಿ.

"ನಮ್ಮ ಮನ್ಯಾಗ ಕುರಿದೊಡ್ಡಿ ಬಾಗಿಲಿಗೆ ಕರಿದಾರ ಕಟ್ಟತಿದ್ರು, ಕಾಲುಬಾಯಿ ಬೇನಿ ಬರಬಾರ್ದು ಅಂತ. ಒಂದು ವರ್ಷ ನಮ್ಮವ್ವ ಒಂದು ದೊಡ್ಡಿಗೆ ಕಟ್ಟಿದ್ಲು, ಇನ್ನೊಂದಕ್ಕ ಬೇಕಂತಲೇ ಬಿಟ್ಲು. ಬೇನಿ ಎರಡಕ್ಕೂ ಬಂತು. ಮರುವರ್ಷ ದಾರ ಬಿಟ್ಟು ಸೂಜಿ ಹಾಕಿಸಿದ್ಲು. ಇದು ಪರೀಕ್ಷಾ ಅಲ್ಲೇನ್ರಿ ಸರ?"

ನಿಂಗರಾಜರು ನಕ್ಕರು. "ಅಲ್ಲವ್ವ. ಅದು ಬರೀ ಅನುಭವ."

"ಕಡೇಚೂರ ಕಡಿ ರೈತರು ಹೊಸ ಬೀಜ ಅರ್ಧ ಹೊಲಕ್ಕಷ್ಟೇ ಹಾಕಿ ನೋಡ್ತಾರ್ರಿ."

"ಅದು ಲಾಭದ ಆಸಿ."

"ಮತ್ತ ನಮ್ಮವ್ವ..."

"ನಿಮ್ಮವ್ವ ಹಳ್ಳ್ಯಾಗ ಇದ್ರೂ ಆಕಿ ಮನಸ್ಸು ಹಳ್ಳೀದಲ್ಲ ಬಿಡು."

ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ದಾನೇಶ್ವರಿ ಅದು ನಿಲ್ಲುವತನಕ ಕಾದಳು.

"ಹಂಗಾದ್ರ ಒಂದು ಹೇಳ್ರಿ ಸರ. ಹಳ್ಳಿ ಮಂದಿ ಏನು ಮಾಡಿದ್ರ ನಿಮ್ಮ ಮಾತು ಸುಳ್ಳು ಅಂತ ಒಪ್ಪತೀರಿ?"

ನಿಂಗರಾಜರು ಕನ್ನಡಕ ತೆಗೆದು ಶಾಲಿನ ಅಂಚಿನಿಂದ ಒರೆಸಿಕೊಂಡರು.

"ಇದು ಟೀಕಾ ಅಲ್ಲ," ಎಂದರು ಕೊನೆಗೆ. "ಉದ್ಧಟತನ."

ಅಧ್ಯಕ್ಷರು ಅವಸರದಲ್ಲಿ ಎದ್ದು ಊಟ ತಯಾರಿದೆಯೆಂದು ಸಾರಿದರು. ಆ ದಿನ ವಿದ್ವಾಂಸರೆಲ್ಲ ಕೂಡಿ ಪರೀಕ್ಷಿಸಲು ಹೊರಟ ಹೇಳಿಕೆ ಅದೊಂದೇ. ಕೈ ತೊಳೆಯುವಲ್ಲಿ ಸುರಪುರದಿಂದ ಬಂದಿದ್ದ ಹಿರಿಯರೊಬ್ಬರು ಆಕೆಯ ಹತ್ತಿರ ಸರಿದು, ಆಚೀಚೆ ನೋಡಿ, "ಪ್ರಶ್ನಿ ಛಲೋ ಇತ್ತವ್ವ. ಆದ್ರ ಕೇಳಬಾರ್ದಿತ್ತು," ಎಂದು ಪಿಸುಗುಟ್ಟಿ ಹೋಳಿಗೆಯ ಕಡೆ ನಡೆದರು.

ಆಕೆ ಉಣ್ಣದೆ ಬಸ್ ಹತ್ತಿದಳು. ಕಿಟಕಿಗೆ ಮುಖ ಮಾಡಿ ಅತ್ತಳು. ಸೋತದ್ದಕ್ಕಲ್ಲ; ಪ್ರಶ್ನೆ ಕೇಳಲು ಕಲಿಸಿದವರೇ ಇವರು ಎಂಬುದಕ್ಕೆ. ಶಹಾಪುರ ಮುಟ್ಟುವ ಹೊತ್ತಿಗೆ ವೇದಿಕೆಯ ವಾಟ್ಸಪ್ ಗುಂಪಿನಿಂದ ಆಕೆಯ ಹೆಸರು ಹೋಗಿತ್ತು. ವಿಮರ್ಶೆಯ ಮನೋಭಾವ ಸಾಲದು ಎಂಬುದು ಕಾರಣ. ಹಾಗೆಂದು ತಿಳಿಸಿದವನು ವೇದಿಕೆಯ ಕಾರ್ಯದರ್ಶಿ, ಹೈಸ್ಕೂಲ್ ಮೇಷ್ಟ್ರು ಬುದ್ಧಪ್ರಿಯ. "ನಾ ಬ್ಯಾಡ ಅಂದೆ ಅಕ್ಕಾ," ಎಂದ. ಬೇಡವೆಂದು ಜೋರಾಗಿ ಅಂದಿದ್ದನೋ ಮನಸ್ಸಿನಲ್ಲೋ, ಆಕೆ ಕೇಳಲಿಲ್ಲ.

ಮರುವರ್ಷ ಅವನೇ ಪುಸ್ತಕದ ಎರಡನೇ ಆವೃತ್ತಿ ಹಿಡಿದು ಮನೆಗೆ ಬಂದ. ಮುನ್ನುಡಿ ತೆರೆದು ಮುಂದಿಟ್ಟ.

'ಹಳ್ಳಿಗರು ಏನು ಮಾಡಿದರೆ ನನ್ನ ಮಾತು ಸುಳ್ಳಾದೀತು ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅಂಥದೊಂದೂ ಹೊಳೆದಿಲ್ಲ. ಸಿದ್ಧಾಂತದ ಗಟ್ಟಿತನಕ್ಕೆ ಬೇರೆ ಪುರಾವೆ ಬೇಕೇ?'

ದಾನೇಶ್ವರಿ ಎರಡು ಸಲ ಓದಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬುದ್ಧಪ್ರಿಯ ಮೊದಲು ಅಳುಕಿದ, ಆಮೇಲೆ ತಾನೂ ನಕ್ಕ.

ವಾರದೊಳಗೆ ನಿಂಗರಾಜರ ಫೋನೇ ಬಂತು. "ಸುರಪುರದಾಗ ಬಿಡುಗಡಿ ಇಟ್ಟೀವಿ. ಸಿಟ್ಟು ಬಿಟ್ಟು ಬಾರವ್ವ, ನಾಕು ಮಾತಾಡು."

"ನಾ ಮಾತಾಡಾಕ ಏನ್ ಉಳದದ್ರಿ ಸರ? ಪ್ರಶ್ನಿನೂ ನೀವೇ ಕೇಳೀರಿ, ಉತ್ತರಾನೂ ನೀವೇ ಕೊಟ್ಟೀರಿ. ಚಪ್ಪಾಳಿನೂ ನೀವೇ ಹೊಡಕೊಳ್ರಿ."

ಬಿಡುಗಡೆ ಚೆನ್ನಾಗಿಯೇ ನಡೆಯಿತೆಂದು ಕೇಳಿಬಂತು. ಅದೇ ತಿಂಗಳು ದಾನೇಶ್ವರಿ ಆ ಪುಸ್ತಕವನ್ನು ತರಗತಿಗೆ ಒಯ್ದಳು. ಎಂದೂ ಸುಳ್ಳಾಗಲಾರದ ಮಾತಿಗೆ ಉದಾಹರಣೆ ಕೊಡಲು ಇಷ್ಟು ದಿನ ಗಿಣಿಶಾಸ್ತ್ರದವರನ್ನು ಕರೆತರಬೇಕಾಗುತ್ತಿತ್ತು. ಈಗ ಪಾಪ, ಅವರನ್ನು ಬಿಟ್ಟುಬಿಟ್ಟಳು.