ಲಾರಿಯ ಅಂದಾಜು

"ಬರ್ಲಿ, ಬರ್ಲಿ. ಇನ್ನೂ ಬರ್ಲಿ," ಎನ್ನುತ್ತ ತೋಂಟದಾರ್ಯರು ಒಂದು ಕೈಯಲ್ಲಿ ಪಂಚೆಯ ತುದಿ ಹಿಡಿದು ಇನ್ನೊಂದು ಕೈಯನ್ನು ಗಾಳಿಯಲ್ಲಿ ಆಡಿಸುತ್ತಿದ್ದರು. ನೊಣವಿನಕೆರೆಯ ಕಲ್ಯಾಣ ಮಂಟಪದ ಪಕ್ಕದ ಇಕ್ಕಟ್ಟಿನ ಜಾಗ. ಒಂದು ಕಡೆ ಯಾರದೋ ವ್ಯಾನು, ಇನ್ನೊಂದು ಕಡೆ ಕಾಂಪೌಂಡು. ನಡುವೆ ಅವರ ಸೊಸೆ ಮಧುಶ್ರೀ, ಮಾವನ ಮಾತನ್ನೇ ನಂಬಿ, ಮನೆಯ ಬಿಳಿ ಮಾರುತಿ ಕಾರನ್ನು ಹಿಂದಕ್ಕೆ ತರುತ್ತಿದ್ದಳು.

ತಿಪಟೂರಿನ ತಮ್ಮ ಕೊಬ್ಬರಿ ಮಂಡಿಗೆ ಮೂವತ್ತು ವರ್ಷ ಲಾರಿಗಳನ್ನು ರಿವರ್ಸ್ ಹಾಕಿಸಿದ ಮನುಷ್ಯ ಅವರು. ಈ ವಿಷಯದಲ್ಲಿ ಅವರಿಗಿದ್ದ ಜಂಬ ಅಷ್ಟಿಷ್ಟಲ್ಲ. ಗೋಡೆ ಹತ್ತಿರ ನೆಟ್ಟಿದ್ದ ಮೊಣಕಾಲುದ್ದದ ಕಲ್ಲು ಅವರ ಕಣ್ಣಿಗೆ ಬೀಳದೆ ಇರಲಿಲ್ಲ. ಬಿತ್ತು. ಆದರೆ ಲಾರಿಯ ಹಿಂಭಾಗ ಅಂಥ ಕಲ್ಲನ್ನು ದಾಟಿಕೊಂಡು ಮೇಲೇ ಹೋಗುತ್ತದೆ, ಹಾಗಾಗಿ ಅವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪುಟ್ಟ ಮಾರುತಿ ದಾಟಿಕೊಂಡು ಹೋಗಲಿಲ್ಲ. ಬಂಪರು ಬಿರುಕು ಬಿಟ್ಟು, ಡಿಕ್ಕಿಯ ಕೆಳಗೆ ಅಂಗೈಯಗಲ ತಗ್ಗು ಬಿತ್ತು.

ಮಂಟಪದ ಮೆಟ್ಟಿಲ ಮೇಲೆ ಎಲೆಅಡಿಕೆ ಹಾಕುತ್ತಿದ್ದ ಪಕ್ಕದ ಮಂಡಿಯ ಬಸವರಾಜಪ್ಪ ಇದಕ್ಕೇ ಕಾದಿದ್ದವರಂತೆ ಬಾಯಿ ತೆರೆದರು. "ಸೊಸೆ ಕೈಗೆ ಗಾಡಿ ಕೊಟ್ಟು ಹಿಂದೆ ಬೇರೆ ನಿಂತ್ಕಂಡಿದೀಯಲ್ಲಯ್ಯ. ಗಟ್ಟಿ ಗುಂಡಿಗೆ ಕಣಪ್ಪ ನಿಂದು." ಸುತ್ತ ಇದ್ದವರೆಲ್ಲ ನಕ್ಕರು. ತೋಂಟದಾರ್ಯರೂ ನಕ್ಕರು. ಮಧುಶ್ರೀ ಇಳಿದು ಬಂದು ಕಲ್ಲನ್ನು ನೋಡಿದಳು, ಮಾವನ ಮುಖವನ್ನು ನೋಡಿದಳು, ಅತ್ತೆ ಶಿವರುದ್ರಮ್ಮನವರ ಜೊತೆ ಒಳಗೆ ಹೋದಳು.

ಮದುವೆ ಊಟಕ್ಕೆ ಕೂತ ತೋಂಟದಾರ್ಯರಿಗೆ ಸೋಮವಾರದ್ದೇ ಯೋಚನೆ. ಸೊಸೆಗೆ ಅರಳಗುಪ್ಪೆಯ ಸ್ಕೂಲಿನಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತ್ತು, ಸೋಮವಾರದಿಂದ ಹೋಗಬೇಕು. ಅಲ್ಲಿಗಿದ್ದ ಒಂದೇ ಬಸ್ಸು ತಲುಪುವಷ್ಟರಲ್ಲಿ ಮೊದಲ ಪೀರಿಯಡ್ಡೇ ಮುಗಿದಿರುತ್ತಿತ್ತು. ಮಗ ದಯಾನಂದ ಹಿಂದಿನ ದಿನವೇ ಗೆಳೆಯರ ಜೊತೆ ಮದುವೆಗೆ ಬಂದಿದ್ದವನು, ಹೊರಡುವಾಗ ಹೆಂಡತಿಗೆ ಹೇಳಿದ್ದ: ಅಪ್ಪ ಅಮ್ಮನನ್ನು ಕೂರಿಸಿಕೊಂಡು ಒಂದು ಗೀರೂ ಇಲ್ಲದೆ ನೊಣವಿನಕೆರೆ ಮುಟ್ಟಿಸು, ಸೋಮವಾರದಿಂದ ಕೀ ನಿನ್ನದೇ. ಅದನ್ನು ಹೇಳುವಾಗ ತೋಂಟದಾರ್ಯರು ಅಲ್ಲೇ ಕಾಫಿ ಕುಡಿಯುತ್ತಿದ್ದರು. ಈಗ ಎಲೆಯ ಮುಂದೆ ಕೂತು ಎರಡು ಸಲ ಮಗನನ್ನು ಹುಡುಕಿಕೊಂಡು ಹೋಗಲು ಎದ್ದರು. ಎರಡು ಸಲವೂ ಎದುರು ಸಾಲಿನಲ್ಲಿ ಬಸವರಾಜಪ್ಪ ಕಂಡರು, ಇವರು ಕೂತುಬಿಟ್ಟರು. ಹೋಳಿಗೆ ಹಾಗೇ ಉಳಿಯಿತು.

ಹೊರಡುವಾಗ ದಯಾನಂದ ತಗ್ಗನ್ನು ನೋಡಿದ. ಯಾರು ಏನು ಎಂದು ಕೇಳುವ ಮೊದಲೇ ಮಧುಶ್ರೀ, "ನಾನೇ ಸರಿಯಾಗಿ ನೋಡ್ಕಳ್ಲಿಲ್ಲ ಕಣ್ರೀ," ಎಂದಳು. ಅವನು ಕೂಗಾಡಲಿಲ್ಲ. ಕೈ ಚಾಚಿದ. ಅವಳು ಕೀಯನ್ನು ಆ ಕೈಗೆ ಹಾಕಿ ಹಿಂದಿನ ಸೀಟಿಗೆ ಹೋದಳು. ತೋಂಟದಾರ್ಯರು ಕಾರು ಹತ್ತಿದರು. ಬಾಯಿ ಬಿಟ್ಟರೆ ಮೂವತ್ತು ವರ್ಷದ ಹೆಸರು ಹೋಗುತ್ತದೆ, ಅದೂ ಒಂದು ಮೋಟು ಕಲ್ಲಿಗೆ ಎಂದು ಸಂಕಟವಾಯಿತು. ಅದಕ್ಕಿಂತ ಹೆಚ್ಚಿಗೆ ನಾಚಿಕೆಯಾಯಿತು.

ದಾರಿಯುದ್ದಕ್ಕೂ ಮುಂದಿನ ಸೀಟಿನಲ್ಲಿ ಕೂತು ಅವರು ಕಿಟಕಿಯ ಗಾಜು ಇಳಿಸಿದರು, ಏರಿಸಿದರು, ಮತ್ತೆ ಇಳಿಸಿದರು. ಸೆಕೆಯಾ ಎಂದು ಮಗ ಕೇಳಿದ. ಇಲ್ಲ ಎಂದರು. ಹಿಂದೆ ಮಧುಶ್ರೀ ಅತ್ತೆಗೆ ಮೆಲ್ಲಗೆ ಹೇಳುತ್ತಿದ್ದಳು, ನಾಳೆಯೇ ಹೆಡ್‌ಮೇಷ್ಟ್ರಿಗೆ ಫೋನ್ ಮಾಡಿ ಆಗುವುದಿಲ್ಲ ಅಂದುಬಿಡುತ್ತೇನೆ, ಅವರಾದರೂ ಬೇರೆಯವರನ್ನು ನೋಡಿಕೊಳ್ಳಲಿ.

"ದಯಾ, ನಿಲ್ಸು," ಎಂದರು ತೋಂಟದಾರ್ಯರು.

ಅಪ್ಪನಿಗೆ ಇಳಿಯಬೇಕೇನೋ ಎಂದುಕೊಂಡು ಮಗ ಒಂದು ತೋಟದ ಬೇಲಿಯ ಪಕ್ಕ ನಿಲ್ಲಿಸಿದ. ಅವರು ಇಳಿಯಲಿಲ್ಲ, ಎದುರಿನ ಗಾಜನ್ನೇ ನೋಡುತ್ತ ಹೇಳಿದರು. "ಗುದ್ಸಿದ್ದು ನಾನು ಕಣ್ಲಾ. ಬರ್ಲಿ ಬರ್ಲಿ ಅಂತ ಕರದೋನು ನಾನು. ಕಲ್ಲು ನಂಗೆ ಕಂಡಿತ್ತು, ಲಾರಿ ಅಂದಾಜಲ್ಲಿ ಬುಟ್ಬುಟ್ಟೆ. ಆ ಬಸವರಾಜ ನಗಾಡ್ದಾಗ ನಾನೂ ನಕ್ಕೆ."

ದಯಾನಂದ ಎಂಜಿನ್ ಆರಿಸಿದ. "ಅಲ್ಲೇ ಹೇಳ್ಬೋದಿತ್ತಲ್ಲ ಅಪ್ಪಾಜಿ," ಎಂದ. ತೋಂಟದಾರ್ಯರು ಕೀ ಅವಳಿಗೆ ಕೊಡು ಎಂದಷ್ಟೇ ಹೇಳಿ ಇಳಿದು, ತಮ್ಮ ಸೀಟನ್ನು ಮಗನಿಗೆ ಬಿಟ್ಟು, ಮಂಡಿ ಮಡಚಿಕೊಂಡು ಹಿಂದೆ ಹೋಗಿ ಕೂತರು. ಶಿವರುದ್ರಮ್ಮ ಗಂಡನ ಕಡೆ ನೋಡದೆಯೇ ಸೀರೆಯ ನೆರಿಗೆ ಎಳೆದುಕೊಂಡು ಜಾಗ ಬಿಟ್ಟರು.

ಮಧುಶ್ರೀ ಸೀಟನ್ನು ಮುಂದಕ್ಕೆ ಎಳೆದುಕೊಂಡು ಗಾಡಿ ಸ್ಟಾರ್ಟ್ ಮಾಡಿದಳು. ಇನ್ನು ರಸ್ತೆಗೆ ಹತ್ತಿಸಬೇಕು. ತೋಂಟದಾರ್ಯರು ತಿರುಗಿ ಹಿಂದಿನ ಗಾಜಿನಿಂದ ದೂರದವರೆಗೆ ನೋಡಿದರು. ಎರಡೂ ಕಡೆ ತೆಂಗಿನ ತೋಟ, ನಡುವೆ ಬರಿಯ ರಸ್ತೆ.

"ಹಿಂದೆ ಯಾವ್ದೂ ಇಲ್ಲ ಕಣವ್ವ, ಹೋಗು."

ಅವಳು "ಹ್ಞೂಂ ಮಾವ" ಎಂದಳು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕತ್ತು ಪೂರ್ತಿ ಹೊರಳಿಸಿ, ತಾನೇ ಒಂದು ಸಲ ಹಿಂದಕ್ಕೆ ನೋಡಿದಳು.