ಪೂನಾ ರಸ್ತೆಯ ಗೌಜಲಹಕ್ಕಿ

ಕಿಣ್ ಎಂದಿತು. ಸ್ವಲ್ಪ ಬಿಟ್ಟು ಇನ್ನೊಮ್ಮೆ, ಕಿಣ್.

ಶಿರಾದ ನಮ್ಮ ಬೀದಿ ಮಲಗಿ ಬಹಳ ಹೊತ್ತಾಗಿತ್ತು. ನನಗೆ ನಿದ್ದೆ ಹತ್ತಿರಲಿಲ್ಲ, ಬೆಳಗಾದರೆ ನಮಗೆ ಹಣ ಕೊಡುತ್ತಿದ್ದ ವಿದೇಶಿ ಪ್ರತಿಷ್ಠಾನದ ದೊರೆ ಬರುವವನಿದ್ದ. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಅಂಥ ಸದ್ದು ಮಾಡುವ ಅಲ್ಯೂಮಿನಿಯಂ ಉಂಗುರಗಳನ್ನು ಒಂದೂವರೆ ವರ್ಷದಿಂದ ನಾನೇ ಹಕ್ಕಿಗಳ ಕಾಲಿಗೆ ತೊಡಿಸಿ ಬಿಡುತ್ತಿದ್ದೆ. ಆದರೆ ಈಗ ಅದು ಕೇಳಿಸಿದ್ದು ಮನೆಯೊಡತಿ ಖಾಜಾಬಿಯವರ ಅಡುಗೆಮನೆಯಿಂದ.

ಇದು ಅರವತ್ತೊಂದನೆಯ ಇಸವಿಯ ಮಾತು. ಪ್ರೊಫೆಸರ್ ಅಡವಯ್ಯನವರು ಬೆಂಗಳೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರು, ಹುಟ್ಟೂರು ಪಾವಗಡದ ಕಡೆ. ಗೌಜಲಹಕ್ಕಿಯ ಜಗಳ, ಸಂಸಾರ, ಕೂಗಾಟಗಳನ್ನು ಜಗತ್ತಿನಲ್ಲಿ ಯಾರೂ ಸರಿಯಾಗಿ ಅಭ್ಯಾಸ ಮಾಡಿಲ್ಲವೆಂಬುದು ಅವರ ಕೊರಗು. ಹಣಕ್ಕಾಗಿ ಸರ್ಕಾರಕ್ಕೆ ಅರ್ಜಿ ಹಾಕಿದರು. ಈ ಹಕ್ಕಿ ಬೆಳೆ ಹಾಳುಮಾಡುತ್ತದೆಯೇ ಎಂದು ಸರ್ಕಾರ ಕೇಳಿತು. ಇಲ್ಲವೆಂದು ಇವರು ಬರೆದರು. ಹಾಗಾದರೆ ಅದರ ತಂಟೆಗೆ ಹೋಗುವುದೇಕೆಂದು ಸರ್ಕಾರ ಸುಮ್ಮನಾಯಿತು.

ಕೊನೆಗೆ ವಿದೇಶದ ಪ್ರತಿಷ್ಠಾನವೊಂದು ಸಿಕ್ಕಿತು. ಅದು ದೂರ ಹಾರುವ ಹಕ್ಕಿಗಳಿಗೆ ಮಾತ್ರ ಹಣ ಕೊಡುತ್ತಿತ್ತು. ಪ್ರೊಫೆಸರರು ಅರ್ಜಿಯಲ್ಲಿ ‘ನಡವಳಿಕೆ’ ಎಂದಿದ್ದಲ್ಲೆಲ್ಲ ‘ವಲಸೆ’ ಎಂದು ತಿದ್ದಿದರು. ಹಣ ಬಂತು, ಜೀಪು ಬಂತು, ಸಹಾಯಕಿಯಾಗಿ ನಾನು ಬಂದೆ. ವಿಷಯ ಬದಲಾದದ್ದನ್ನು ಹಕ್ಕಿಗೆ ಮಾತ್ರ ಯಾರೂ ತಿಳಿಸಲಿಲ್ಲ. ಅದು ಎಂದಿನಂತೆ ಕುರುಚಲು ಗಿಡಗಳ ನಡುವೆ ಓಡಾಡಿಕೊಂಡಿತ್ತು. ಬೆನ್ನಟ್ಟಿದರೆ ಬುರ್ರೆಂದು ಮುಂದಿನ ಪೊದೆಯವರೆಗೆ ಹಾರಿ, ಅಷ್ಟಕ್ಕೇ ದಣಿದಂತೆ ಕೂತುಬಿಡುತ್ತಿತ್ತು.

ನಾವು ಐ.ಡಿ.ಹಳ್ಳಿಯ ಬಯಲಿನಲ್ಲಿ, ಬಲಸಮುದ್ರದ ಸುತ್ತ ಬಲೆ ಹಾಕಿ ಹಕ್ಕಿ ಹಿಡಿದು, ನಮ್ಮ ವಿಳಾಸವಿದ್ದ ಉಂಗುರ ತೊಡಿಸಿ ಬಿಡುತ್ತಿದ್ದೆವು. ಸಿಕ್ಕಿದವರು ಉಂಗುರವನ್ನು ಅಂಚೆಯಲ್ಲಿ ಕಳಿಸಬೇಕು, ಎಲ್ಲಿ ಸಿಕ್ಕಿತೆಂದು ಬರೆಯಬೇಕು. ಮೊದಲನೆಯದನ್ನು ಸ್ವತಃ ಖಾಜಾಬಿಯವರೇ ತಂದುಕೊಟ್ಟರು, ಶಿರಾದ ಸಂತೆಯಲ್ಲಿ ಕೊಂಡ ಹಕ್ಕಿಯ ಕಾಲಲ್ಲಿತ್ತಂತೆ. “ಶಿರಾದಲ್ಲೇ?” ಎಂದ ಪ್ರೊಫೆಸರರು ಅಂದು ಊಟ ಮಾಡಲಿಲ್ಲ. ಎರಡನೆಯದು ಹಿರಿಯೂರಿನಿಂದ ಅಂಚೆಯಲ್ಲಿ ಬಂದಾಗ ಬೀದಿಗೆಲ್ಲ ಜಿಲೇಬಿ ಹಂಚಿದರು. ಆಮೇಲೆ ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ. ಗೋಡೆಯ ಮೇಲಿನ ನಕ್ಷೆಯಲ್ಲಿ ಕೆಂಪು ಗುಂಡುಸೂಜಿಗಳು ವಾಯವ್ಯಕ್ಕೆ ನಡೆದವು. ನನಗೂ ಆಶ್ಚರ್ಯ. ಆದರೆ ಆಶ್ಚರ್ಯಪಡುವುದಕ್ಕೇ ಸಂಬಳ ಬರುತ್ತಿದ್ದುದರಿಂದ ಹೆಚ್ಚು ಯೋಚಿಸಲಿಲ್ಲ.

ನನ್ನ ಅವಧಿ ಆ ತಿಂಗಳಿಗೆ ಮುಗಿಯುತ್ತಿತ್ತು. ದೊರೆ ಒಪ್ಪಿದರೆ ಇನ್ನೆರಡು ವರ್ಷ. ಒಪ್ಪದಿದ್ದರೆ ಕೊರಟಗೆರೆಯಲ್ಲಿ ಅಣ್ಣ ಹೊಳವನಹಳ್ಳಿಯ ವರನನ್ನು ಸಿದ್ಧಮಾಡಿಟ್ಟಿದ್ದ. ಹುಡುಗಿ ಎಂ.ಎಸ್ಸಿ. ಓದಿರುವುದನ್ನು ವರ ಕ್ಷಮಿಸಿದ್ದನಂತೆ. ಜೀಪು ಹತ್ತುವುದನ್ನು ಮಾತ್ರ ಕ್ಷಮಿಸಲಾರನಂತೆ.

ನಾನು ಅಡುಗೆಮನೆಗೆ ಹೋದಾಗ ಖಾಜಾಬಿ ಏಲಕ್ಕಿ ಡಬ್ಬಿಯಿಂದ ಉಂಗುರಗಳನ್ನು ಒಂದೊಂದಾಗಿ ಆರಿಸಿ ತಟ್ಟೆಗೆ ಹಾಕುತ್ತಿದ್ದರು. ಪಕ್ಕದಲ್ಲಿ ಅವರ ತಮ್ಮ ಫಕ್ರುದ್ದೀನ್, ಪೂನಾ ಲಾರಿಯ ಡ್ರೈವರು, ಚಹಾ ಕುಡಿಯುತ್ತಿದ್ದ.

“ಈ ಸಲ ಬೆಳಗಾವಿನಾಗೆ ಹಾಕ್ಲೇನು ಆಪಾ?”

“ಬೆಳಗಾವಿ ಯಾಕ್ಲಾ? ಪೂನಾ ತಂಕ ಹೋಗ್ತೀಯ, ಅಲ್ಲೇ ಹಾಕು.”

ನನ್ನನ್ನು ನೋಡಿ ಇಬ್ಬರೂ ಗಾಬರಿಯಾಗಲಿಲ್ಲ. ಗಾಬರಿಯಾದವಳು ನಾನೊಬ್ಬಳೇ.

“ಬನ್ನಿ ಮೇಡಮ್ಮೋರೆ, ಚಾಯ್ ಕುಡೀರಿ,” ಎಂದ ಫಕ್ರುದ್ದೀನ್.

“ಇವೆಲ್ಲ ಎಲ್ಲಿಂದ ಬಂದವು?”

“ಇನ್ನೆಲ್ಲಿಂದ? ಸಂತೆಯಿಂದ,” ಎಂದರು ಖಾಜಾಬಿ. “ಐ.ಡಿ.ಹಳ್ಳಿ ಕಡೆಯೋರು ಹಿಡ್ಕಂಬತ್ತಾರೆ, ನಾವು ತಗಂತೀವಿ. ನಿಮ್ ಸಾಬ್ರು ಶುಕ್ರವಾರ ಶುಕ್ರವಾರ ಚಪ್ಪರಿಸ್ಕಂಡು ಪಲಾವ್ ತಿಂತಾರಲ್ಲ, ಅವೇ ಇವು.”

ಅಂದರೆ ಪ್ರೊಫೆಸರರು ತಮ್ಮ ಸಂಶೋಧನೆಯ ಬಹುಭಾಗವನ್ನು ತಾವೇ ತಿಂದು ಮುಗಿಸಿದ್ದರು. ನಾನು ಮೊಸರನ್ನದವಳಾದ್ದರಿಂದ ನನಗೆ ತಿಳಿದಿರಲಿಲ್ಲ.

“ಮತ್ತೆ ಹುಬ್ಬಳ್ಳಿಯಿಂದ ಬಂದದ್ದು?”

“ನಾನೇ ಹಾಕಿದ್ದು!” ಫಕ್ರುದ್ದೀನ್ ಎದೆ ಮುಟ್ಟಿಕೊಂಡ. “ದಾವಣಗೆರೆದೂ ನಂದೇ. ಚಹಾಕ್ಕೆ ನಿಂತಲ್ಲೆಲ್ಲ ಒಂದೊಂದು ಅಂಚೆಗೆ ಹಾಕ್ಬುಟ್ಟೆ.”

“ಯಾಕಪ್ಪಾ?”

“ಮೊದ್ಲು ಆಪಾ ನಿಜ ಹೇಳಿದ್ರಲ್ಲ, ಅವತ್ತು ಸಾಬ್ರ ಮಖ ನೋಡಿದ್ರಾ?”

“ಸಾವಾದ ಮನೆ ಅಂಗಿತ್ತು ಕಣಮ್ಮ,” ಎಂದರು ಖಾಜಾಬಿ. “ನಮ್ ಮನೇಲಿರೋರು ಉಣ್ಣದೆ ಮಲಗಿದ್ರೆ ನಂಗೆ ಅನ್ನ ಇಳೀತದಾ? ದೂರ ಸಿಕ್ರೆ ಖುಷಿ ಅಂದ್ರೆ ದೂರ ಹಾಕದು. ಲಾರಿ ಹೆಂಗೂ ಹೋಯ್ತದೆ.”

ನಾಳೆಯ ಊಟಕ್ಕೆ ದಯವಿಟ್ಟು ಕೋಳಿ ಮಾಡಿ ಎಂದು ಕೈಮುಗಿದೆ. “ದೊರೆಗೆ ಕೋಳಿನಾ!” ಖಾಜಾಬಿ ಕೆನ್ನೆ ಮುಟ್ಟಿಕೊಂಡರು. “ಶಿರಾದ ಮಾನ ಏನಾಗ್ಬೇಕು?”

ಬೆಳಗಿನವರೆಗೆ ಲೆಕ್ಕ ಹಾಕಿದೆ. ನಿಜ ಹೇಳಿದರೆ ಸಂಜೆಯ ಬಸ್ಸಿಗೆ ಕೊರಟಗೆರೆ. ಹೇಳದೆ ಇದ್ದು ದೊರೆಯೇ ಕಂಡುಹಿಡಿದರೆ ನನಗೆ ಕೊರಟಗೆರೆ, ಜೊತೆಗೆ ಪ್ರೊಫೆಸರರ ಹೆಸರೂ ಹೋಗುತ್ತದೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು ಎಂದುಕೊಂಡೆ.

ದೊರೆ ತೆಳ್ಳಗಿನ, ಬೇಸತ್ತ ಮುಖದ ಮನುಷ್ಯ. ದೇಶವೆಲ್ಲ ಸುತ್ತಿ ತಾನು ಹಣ ಕೊಡಿಸಿದ ಹಕ್ಕಿಗಳನ್ನು ನೋಡುತ್ತಿದ್ದ. ಮರುವಾರ ಬೊಂಬಾಯಿಯಿಂದ ಹಡಗು ಹತ್ತುವವನು. ನಕ್ಷೆಯ ಮುಂದೆ ಬಹಳ ಹೊತ್ತು ನಿಂತ.

“ಎಲ್ಲ ಸೂಜಿಗಳೂ ರಸ್ತೆಯ ಮೇಲೇ ಇವೆಯಲ್ಲ, ಪ್ರೊಫೆಸರ್?”

“ಪಕ್ಷಿಗಳಿಗೆ ದಿಕ್ಕು ತಿಳಿಯಲು ನೆಲದ ಗುರುತು ಬೇಕು,” ಎಂದರು ಪ್ರೊಫೆಸರರು ಗಂಭೀರವಾಗಿ.

“ರಸ್ತೆಯಿಂದ ಎರಡು ಮೈಲಿ ಒಳಗೆ ಒಂದೂ ಇಲ್ಲವೇ?” ದೊರೆ ನನ್ನ ಕಡೆ ತಿರುಗಿದ. “ಇದಕ್ಕೆ ಕಾರಣ ಏನಿರಬಹುದು, ಮಿಸ್ ದಾಕ್ಷಾಯಣಿ?”

“ರಸ್ತೆ ಇರುವಲ್ಲೇ ಅಂಚೆಪೆಟ್ಟಿಗೆಯೂ ಇರುವುದು, ಸರ್.”

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ದೊರೆಯ ಮುಖ ಅರಳಿತು. ಇಷ್ಟು ದಿನದ ಪ್ರವಾಸದಲ್ಲಿ ಯೋಚಿಸಿ ಮಾತಾಡಿದ ಒಬ್ಬರನ್ನು ಈಗ ಕಂಡೆ ಎಂದ. ಇವರನ್ನು ಬಿಡಬಾರದು ಎಂದೂ ಹೇಳಿದ. ಪ್ರೊಫೆಸರರು ಅದು ತಾವೇ ಕಲಿಸಿದ ಉತ್ತರವೆಂಬಂತೆ ತಲೆದೂಗಿದರು.

ಊಟಕ್ಕೆ ಕೂತೆವು. ಖಾಜಾಬಿ ಮಾನ ಕಾಪಾಡಿದ್ದರು. ಗೌಜಲಹಕ್ಕಿಯ ಪಲಾವ್ ಘಮಘಮಿಸುತ್ತಿತ್ತು. ದೊರೆ ತಿನ್ನುತ್ತ ಹೇಳಿದ: “ಸಮುದ್ರದಾಚೆಯಿಂದ ಒಂದೇ ಒಂದು ಉಂಗುರ ಬಂದಿದ್ದರೆ ನಮ್ಮ ಮುಖ್ಯ ಕಚೇರಿ ಕಣ್ಣುಮುಚ್ಚಿ ಐದು ವರ್ಷಕ್ಕೆ ಕೊಡುತ್ತಿತ್ತು. ನೀವು ನಂಬುತ್ತೀರೋ ಇಲ್ಲವೋ, ಕೊಟ್ಟ ಹಣ ಏನಾಯಿತೆಂದು ಅಲ್ಲಿ ನನ್ನನ್ನು...”

ಅವನ ದವಡೆ ನಿಂತಿತು.

ನಾನು ಮೊಸರನ್ನ ಕಲಸುವುದನ್ನು ನಿಲ್ಲಿಸಿದೆ. ದೊರೆ ಎರಡು ಬೆರಳಿನಿಂದ ಬಾಯೊಳಗಿನದನ್ನು ತೆಗೆದು ಅಂಗೈಯಲ್ಲಿಟ್ಟು ನೋಡಿದ. ಬೆಳಕಿಗೆ ಹಿಡಿದು, ಓದಿದ. ಏಲಕ್ಕಿ ಡಬ್ಬಿಯಲ್ಲಿದ್ದದ್ದು ಏಲಕ್ಕಿಯ ಜೊತೆಗೇ ಪಲಾವಿಗೆ ಬಂದಿತ್ತು.

“ಏಲಕ್ಕಿ ಸಿಕ್ಕಿತೇ?” ಎಂದು ಪ್ರೊಫೆಸರರು ವಿಶ್ವಾಸದಿಂದ ಕೇಳಿದರು.

ದೊರೆ ಅವರ ಮುಖ ನೋಡಿದ. ಆಮೇಲೆ ನಕ್ಷೆಯನ್ನು, ಆಮೇಲೆ ನನ್ನನ್ನು. ನಾನು ಮೊಸರು ನೋಡಿದೆ.

“ಹೌದು, ಏಲಕ್ಕಿ,” ಎಂದ. ಕೈ ಕೋಟಿನ ಜೇಬಿಗೆ ಹೋಗಿ ಬರಿದಾಗಿ ಹೊರಬಂತು. ಅವನಿಗೂ ಊರಿನಲ್ಲೊಬ್ಬ ಅಣ್ಣನಂಥವನು ಇದ್ದಿರಬೇಕು; ಹೊಳವನಹಳ್ಳಿಯಂಥದೊಂದು ಊರೂ ಕಾಯುತ್ತಿರಬೇಕು.

ಮುಂದಿನ ತಿಂಗಳು ನನ್ನ ಎರಡು ವರ್ಷದ ಆದೇಶ ಬಂತು. ಅದರ ಹಿಂದೆಯೇ ಏಡನ್ ಬಂದರಿನ ಮುದ್ರೆಯಿದ್ದ ಲಕೋಟೆ. ಒಳಗೆ ನಮ್ಮ ಉಂಗುರ. ‘ಬಂದರಿನ ಗೋಡೆಯ ಮೇಲೆ ಸಿಕ್ಕಿತು’ ಎಂದು ಟೈಪು ಮಾಡಿದ ಚೀಟಿ. ಕಳಿಸಿದವರ ಹೆಸರಿಲ್ಲ. ಬೊಂಬಾಯಿಯಿಂದ ಹೊರಟ ಹಡಗು ಏಡನ್ನಿನಲ್ಲಿ ನಿಲ್ಲುತ್ತದೆಂಬುದು ನನಗೆ ಗೊತ್ತಿತ್ತು. ಪ್ರೊಫೆಸರರಿಗೂ ಗೊತ್ತಿತ್ತು, ಆದರೆ ಅವರು ಜಿಲೇಬಿಗೆ ಹೇಳಿಕಳಿಸುತ್ತಿದ್ದರು.

ಫಕ್ರುದ್ದೀನ್ ಹಿತ್ತಲಿಗೆ ಬಂದು ಮೆಲ್ಲಗೆ ಹೇಳಿದ: “ಅಲ್ಲಾನಾಣೆ, ಇದು ನಾನು ಹಾಕಿದ್ದಲ್ಲ ಮೇಡಮ್ಮೋರೆ. ಅಲ್ಲಿಗೆ ನಮ್ ಲಾರಿ ಹೋಗಲ್ಲ.”

“ಏಡನ್ ಅಂದ್ರೆ ನಮ್ಮ ಅಬ್ಬಾ ಹಜ್‌ಗೆ ಹೋಗೋವಾಗ ಹಡಗು ನಿಂತಿದ್ದ ಊರು,” ಎಂದರು ಖಾಜಾಬಿ. ಅವರ ದನಿ ಬದಲಾಗಿತ್ತು. “ಅಂಗಾದ್ರೆ ಆ ಬಡಪಾಯಿ ಎಲ್ಲಿಗೆ ಹೊಂಟಿತ್ತು ಅಂತ ತಿಳೀತಲ್ಲ! ನಾನು ಪಾಪಿ, ಇಷ್ಟು ದಿನ ಒಗ್ಗರಣೆ ಹಾಕ್ತಿದ್ದೆ.”

ಶುಕ್ರವಾರಕ್ಕೆಂದು ಮುಚ್ಚಿಟ್ಟಿದ್ದ ಬುಟ್ಟಿಯನ್ನು ಎತ್ತಿಬಿಟ್ಟರು. ಎರಡು ಗೌಜಲಹಕ್ಕಿಗಳು ಗೋಡೆಯವರೆಗೆ ಓಡಿದವು, ಬುರ್ರೆಂದು ಹಾರಿ ಪಕ್ಕದ ಮನೆಯ ನಿಂಬೆಗಿಡದ ಬುಡದಲ್ಲಿ ಕೂತವು.

“ಆಯಾಸ ಪಾಪ,” ಎಂದರು ಖಾಜಾಬಿ. “ಎಷ್ಟು ದೂರದಿಂದ ಬಂದವೋ. ನೀವು ಓದಿದೋರು, ಹೇಳಿ ದಾಕ್ಷಾಯಣಮ್ಮ, ನಿಜವಾಗ್ಲೂ ಅಲ್ಲಿತಂಕ ಹೋಗಿತ್ತಾ?”

“ಉಂಗುರವಂತೂ ಹೋಗಿತ್ತು, ಖಾಜಾಬಿ.”

ಒಳಗಿನಿಂದ ಸುತ್ತಿಗೆಯ ಸದ್ದು ಬಂತು. ನಮ್ಮ ನಕ್ಷೆ ಬೊಂಬಾಯಿಯ ಕಡಲಿಗೇ ಮುಗಿಯುತ್ತಿತ್ತು. ಪ್ರೊಫೆಸರರು ಸ್ಟೂಲಿನ ಮೇಲೆ ನಿಂತು, ನಕ್ಷೆಯಿಂದ ಮೊಳ ದೂರದಲ್ಲಿ, ಬರೀ ಸುಣ್ಣದ ಗೋಡೆಗೆ ಮೊಳೆ ಹೊಡೆಯುತ್ತಿದ್ದರು.

“ಸರಿಯಾಗಿದೆಯೇನಮ್ಮ, ಏಡನ್?”

ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಕಂಡಿರಲಿಲ್ಲ. ಇವರಿಗಾಗಲಿ, ಅಣ್ಣನಿಗಾಗಲಿ, ಹಿತ್ತಲಿನಲ್ಲಿ ನಿಂಬೆಗಿಡದ ಕಡೆಗೆ ಜೋಳ ಎಸೆಯುತ್ತಿದ್ದ ಖಾಜಾಬಿಗಾಗಲಿ, ಯಾರಿಗೂ ಏನೂ ಹೇಳುವುದಿಲ್ಲವೆಂದು ಅಲ್ಲೇ ತೀರ್ಮಾನಿಸಿದೆ.

“ಸ್ವಲ್ಪ ಎಡಕ್ಕೆ, ಸರ್,” ಎಂದೆ.